ವಿಶ್ವಕಪ್ ನೋಡಬೇಕಾ, ಬಿಡಬೇಕಾ? ಸಿಂಧನೂರಿನ ಒಬ್ಬ ಅಪ್ಪನಿಗೆ ದನದ ಡಾಕ್ಟರ ಉತ್ತರ

ಪ್ರಶ್ನೆ

ಡಾಕ್ಟ್ರೇ, ನಮಸ್ಕಾರ. ನಾನು ಸಿಂಧನೂರಿನವನು. ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ಚಿಕ್ಕವನಿದ್ದಾಗ ಬಂಗಾಲಿ ಕ್ಯಾಂಪಿನ ಗೆಳೆಯರಿಂದ ಫುಟ್‌ಬಾಲ್ ಹುಚ್ಚು ಹತ್ತಿತು. ಈಗ ಒಂಬತ್ತನೇ ಕ್ಲಾಸಿನ ಮಗನ ಜೊತೆ ರಾತ್ರಿ ಎದ್ದು ಕೂತು ದೇಶ-ದೇಶಗಳ ಮ್ಯಾಚ್ ನೋಡುತ್ತೇನೆ. 2022ರ ವಿಶ್ವಕಪ್‌ನಲ್ಲಿ ಮೊರಾಕ್ಕೊ ಸೆಮಿಫೈನಲ್‌ಗೆ ಹೋದಾಗಿನಿಂದ ಅವನಿಗೆ ಆ ತಂಡ ಅಂದ್ರೆ ಪ್ರಾಣ. ಆದರೆ 2030ರ ವಿಶ್ವಕಪ್‌ಗಾಗಿ ಮೊರಾಕ್ಕೊದಲ್ಲಿ ಬೀದಿ ನಾಯಿಗಳನ್ನು ಕೊಲ್ಲುತ್ತಿದ್ದಾರೆ ಅಂತ ಒಂದು ವಿಡಿಯೊ ನೋಡಿದ. ಅವತ್ತಿನಿಂದ ಟಿವಿ ಮುಂದೆ ಬರುತ್ತಿಲ್ಲ. 'ಅಪ್ಪಾ, ನಾವು ನೋಡೋದ್ರಿಂದನೇ ಅಲ್ವಾ ಅವರು ಹಂಗ ಮಾಡೋದು?' ಅಂತ ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ. ನನ್ನ ಹೆಂಡತಿ ಇನ್ನೊಂದು ಹೇಳಿದಳು: 'ಓಣ್ಯಾಗಿನ ನಾಯಿಗೆ ಕಲ್ಲು ಒಗೀತೀರಿ, ರವಿವಾರ ಮಟನ್ ತಿಂತೀರಿ, ಮೊರಾಕ್ಕೊ ನಾಯಿಗೆ ಕಣ್ಣೀರು ಹಾಕ್ತೀರಿ.' ಇಬ್ಬರೂ ಹೇಳಿದ್ದು ಖರೇನೇ ಅನಿಸುತ್ತಿದೆ. ನಾನು ಏನು ಮಾಡಲಿ?

ಉತ್ತರ

ಮ್ಯಾಚ್ ನೋಡಿ. ಮಗನನ್ನೂ ಪಕ್ಕದಲ್ಲಿ ಕೂರಿಸಿಕೊಂಡೇ ನೋಡಿ. ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ನಿಮ್ಮ ಹುಡುಗ ಕೇಳಿದ್ದು ಸಣ್ಣ ಮಾತಲ್ಲ. ನಿಮ್ಮ ಮನೆಯವರು, ನನಗೆ ತಂಗಿ ಇದ್ದಂತೆ, ಕೇಳಿದ್ದು ಅದಕ್ಕಿಂತ ದೊಡ್ಡ ಮಾತು. ಮೂವತ್ತೊಂದು ವರ್ಷ ದನದ ಡಾಕ್ಟರಾಗಿ ಕೊಪ್ಪಳ, ಗಂಗಾವತಿ, ಮಾನ್ವಿ, ಸಿರುಗುಪ್ಪ ಅಂತ ತಿರುಗಿದ್ದೇನೆ. ಈ ಎರಡು ಪ್ರಶ್ನೆಗಳು ನನ್ನನ್ನೂ ಬಿಟ್ಟಿಲ್ಲ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲು ಆ ವಿಡಿಯೊ. 2030ರ ವಿಶ್ವಕಪ್ಪನ್ನು ಮೊರಾಕ್ಕೊ, ಸ್ಪೇನ್, ಪೋರ್ಚುಗಲ್ ಮೂರೂ ಸೇರಿ ನಡೆಸುತ್ತವೆ. ವಿಶ್ವ ಫುಟ್‌ಬಾಲ್ ನಡೆಸುವ ಸಂಸ್ಥೆ ಫಿಫಾ ಇದನ್ನು ಪಕ್ಕಾ ಮಾಡಿದ್ದು 2024ರ ಡಿಸೆಂಬರ್ 11ರಂದು. ಅದಾಗಿ ಸ್ವಲ್ಪ ದಿನಕ್ಕೇ, ಅಲ್ಲಿನ 30 ಲಕ್ಷ ನಾಯಿಗಳ ಜೀವಕ್ಕೆ ಕುತ್ತು ಬಂದಿದೆ ಎಂದು ಪ್ರಾಣಿದಯಾ ಸಂಘಟನೆಗಳು ಕೂಗೆಬ್ಬಿಸಿದವು. ಚಿಂಪಾಂಜಿಗಳ ನಡುವೆಯೇ ಆಯುಷ್ಯ ಸವೆಸಿದ ಜೇನ್ ಗುಡಾಲ್ ಕೂಡ 2025ರ ಜನವರಿಯಲ್ಲಿ ಫಿಫಾಗೆ ಪತ್ರ ಬರೆದರು. ಮೊರಾಕ್ಕೊ ಸರ್ಕಾರ ಇದನ್ನು ಒಪ್ಪುವುದಿಲ್ಲ. ನಾಯಿ ಹಿಡಿದು, ಸಂತಾನಹರಣ ಆಪರೇಷನ್ ಮಾಡಿ, ಲಸಿಕೆ ಹಾಕಿ, ಮತ್ತೆ ಬಿಡುವ ಕೆಲಸ 2019ರಿಂದಲೇ ನಡೆಸಿದ್ದೇವೆ ಅನ್ನುತ್ತದೆ. ಮಗನಿಗೆ ಒಂದು ಮಾತು ಬಿಡಿಸಿ ಹೇಳಿ. 30 ಲಕ್ಷ ಅನ್ನುವುದು ಅಲ್ಲಿರುವ ಬೀದಿ ನಾಯಿಗಳ ಅಂದಾಜು. ಸತ್ತ ನಾಯಿಗಳನ್ನು ಯಾರೋ ಎಣಿಸಿ ಕೊಟ್ಟ ಲೆಕ್ಕ ಅಲ್ಲ. ಹಾಗಂತ ಅಲ್ಲಿ ಏನೂ ಆಗಿಯೇ ಇಲ್ಲ ಅಂತಲೂ ಹೇಳಬೇಡಿ. ಅಲ್ಲಿನ ಊರುಗಳಲ್ಲಿ ನಾಯಿಗಳಿಗೆ ಗುಂಡು ಹೊಡೆದ, ವಿಷ ಇಟ್ಟ ಸುದ್ದಿಗಳು ವಿಶ್ವಕಪ್ಪಿನ ಮಾತು ಬರುವ ಮೊದಲಿನಿಂದಲೂ ಬರುತ್ತಿವೆ.

ಮೊರಾಕ್ಕೊ ಒಂದನ್ನೇ ಬೈಯುವುದೂ ಸರಿಯಲ್ಲ. ಯುರೋ 2012 ಫುಟ್‌ಬಾಲ್ ಉಕ್ರೇನ್‌ನಲ್ಲಿ ನಡೆಯಿತಲ್ಲ, ಆಗಲೂ ಇದೇ ಕೂಗು. 2014ರಲ್ಲಿ ರಷ್ಯಾದ ಸೋಚಿಯಲ್ಲಿ ಚಳಿಗಾಲದ ಒಲಿಂಪಿಕ್ಸ್‌ಗೆ ಮೊದಲು ಇದೇ. 2018ರ ವಿಶ್ವಕಪ್ ರಷ್ಯಾದ 11 ನಗರಗಳಲ್ಲಿ ನಡೆದಾಗಲೂ ಇದೇ. ಊರು ಬೇರೆ, ಭಾಷೆ ಬೇರೆ. ಕಾರಣ ಮಾತ್ರ ಒಂದೇ: ಅತಿಥಿಗಳು ಬರ್ತಾರೆ, ಊರು ಚೊಕ್ಕ ಕಾಣಬೇಕು.

ಈ ಕಾರಣ ನನಗೆ ಹೊಸದಲ್ಲ. ನಮ್ಮ ಸೀಮೆಯದೇ ಒಂದು ಊರು, ಹೆಸರು ಬೇಡ. ಅಲ್ಲಿ ದೊಡ್ಡ ಕಾರ್ಯಕ್ರಮ ಇತ್ತು. ರಸ್ತೆಗೆ ಡಾಂಬರು ಬಿತ್ತು, ಡಿವೈಡರಿಗೆ ಬಣ್ಣ ಬಿತ್ತು. ಎರಡು ದಿನ ಮೊದಲು ರಾತ್ರಿ ಒಂದು ಟ್ರ್ಯಾಕ್ಟರ್ ಬಂತು. ಬೆಳಗಾಗುವುದರೊಳಗೆ ಬಸ್‌ಸ್ಟ್ಯಾಂಡಿನ ನಾಯಿಗಳು ಒಂದೂ ಇಲ್ಲ. ಮೂರನೇ ದಿನ ಕಾಲುವೆ ಕಡೆಯ ಹಳ್ಳಿಯ ಕುರಿಗಾರನೊಬ್ಬ ಒಂದು ಹೆಣ್ಣು ನಾಯಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ದವಾಖಾನೆಗೆ ಹೊತ್ತು ತಂದ. ಕೆಂಚು ಬಣ್ಣ, ಒಂದು ಕಿವಿ ಮಡಚಿದ್ದು. ನೋಡಿದ ಕೂಡಲೇ ಗುರುತು ಸಿಕ್ಕಿತು. ನಾನು ದಿನಾ ಚಹಾ ಕುಡಿಯುತ್ತಿದ್ದ ಅಂಗಡಿಯ ಕಟ್ಟೆ ಕೆಳಗೆ ಮಲಗುತ್ತಿದ್ದ ನಾಯಿ ಅದು.

ಕುತ್ತಿಗೆಯಲ್ಲಿ ಬೈಂಡಿಂಗ್ ವೈರು. ಹಿಡಿಯುವಾಗ ಹಾಕಿದ ಕುಣಿಕೆಯನ್ನು ಬಿಚ್ಚದೆ, ಉದ್ದ ತಂತಿಯನ್ನಷ್ಟೇ ಕತ್ತರಿಸಿ ನಾಯಿಯನ್ನು ಕೆಳಗೆ ಎಸೆದಿದ್ದರು. ತಂತಿ ಚರ್ಮ ಕೊಯ್ದು ಒಳಗೆ ಇಳಿದಿತ್ತು. ಮೇಲಿಂದ ನೋಡಿದರೆ ತಂತಿಯೇ ಕಾಣದು, ಕೂದಲ ನಡುವೆ ಒಂದು ಒದ್ದೆ ಗೆರೆ ಮಾತ್ರ. ಹುಳ ಬಿದ್ದಿದ್ದವು. ಅರಿವಳಿಕೆ ಕೊಟ್ಟು, ಟರ್ಪೆಂಟೈನ್ ಹಾಕಿ ಹುಳ ಹೊರಗೆ ಬರಿಸಿ, ಒಂದೊಂದೇ ಆರಿಸಿ ತೆಗೆದು, ಇಕ್ಕಳದಲ್ಲಿ ತಂತಿ ತುಂಡು ಮಾಡಿ ಎಳೆಯುವುದಕ್ಕೆ ಒಂದು ತಾಸು ಹಿಡಿಯಿತು. ಹೊಟ್ಟೆ ಕಡೆ ತಿರುಗಿಸಿದಾಗ ಮೊಲೆಗಳು ತುಂಬಿ ಗಟ್ಟಿಯಾಗಿದ್ದವು. ಮರಿಗಳು ಊರಲ್ಲೇ ಉಳಿದಿದ್ದವು. ನಾನೂ ನಮ್ಮ ದವಾಖಾನೆಯ ಹುಡುಗನೂ ಬಸ್‌ಸ್ಟ್ಯಾಂಡಿನ ಸುತ್ತ ಹುಡುಕಿದೆವು. ಚರಂಡಿ ಪೈಪಿನಲ್ಲಿ ಎರಡು ಸಿಕ್ಕವು. ಒಂದಕ್ಕೆ ಮಾತ್ರ ಉಸಿರು ಇತ್ತು.

ಎಚ್ಚರವಾದ ಮೇಲೆ ಆ ತಾಯಿ ಗೋಡೆಗೆ ಮುಖ ಮಾಡಿ ಕೂತಿತು. ಯಾರು ಹತ್ತಿರ ಹೋದರೂ ಕೂತಲ್ಲೇ ಉಚ್ಚೆ ಹೊಯ್ದುಕೊಳ್ಳುತ್ತಿತ್ತು.

ಆ ವೇದಿಕೆ ಮೇಲೆ ಕೂತ ಯಾರೂ 'ನಾಯಿ ತೆಗೆಸ್ರಿ' ಅಂತ ಹೇಳಿರಲಿಲ್ಲ. ಅವರಿಗೆ ಗೊತ್ತೇ ಇರಲಿಲ್ಲ. ಮನೆಗೆ ಬೀಗರು ಬರ್ತಾರೆ ಅಂದಾಗ ನಾವೂ ಹೀಗೇ ಅಲ್ವಾ? ಹರಕು ಚಾಪೆ ಅಟ್ಟಕ್ಕೆ ಹೋಗುತ್ತದೆ, ಕೆಮ್ಮುವ ಮುದುಕರನ್ನು ಒಳಕೋಣೆಗೆ ಕಳಿಸುತ್ತೇವೆ. ಬೀಗರು ಕೇಳಿರುವುದಿಲ್ಲ. ಅವರ ಕಣ್ಣಿಗೆ ಹೆದರಿ ನಾವೇ ಮಾಡುತ್ತೇವೆ.

ಈಗ ನಿಮ್ಮ ಮಗನ ಮಾತಿಗೆ ಬರುತ್ತೇನೆ. ವಿಶ್ವಕಪ್ ಮ್ಯಾಚಿಗೆ ಸ್ಟೇಡಿಯಂನಲ್ಲಿ ಕೂರುವವರು ಸಾವಿರಗಳ ಲೆಕ್ಕದಲ್ಲಿ. ಟಿವಿಯಲ್ಲಿ ನೋಡುವವರು ಕೋಟಿಗಳ ಲೆಕ್ಕದಲ್ಲಿ. ಊರು ಚೊಕ್ಕ ಕಾಣಬೇಕಾದದ್ದು ಕ್ಯಾಮೆರಾಕ್ಕೆ. ಕ್ಯಾಮೆರಾದ ಆಚೆ ಕೂತಿರುವವರು ನೀವು, ನಿಮ್ಮ ಮಗ, ನಾನು. ಅಂದರೆ ಬೀಗರು ನಾವೇ. ಹುಡುಗ ಅದನ್ನು ಸರಿಯಾಗಿ ಹಿಡಿದಿದ್ದಾನೆ. 'ಅಲ್ಲೆಲ್ಲೋ ಆಗಿದ್ದಕ್ಕೂ ನಮಗೂ ಏನು ಸಂಬಂಧ' ಅಂತ ಅವನ ಬಾಯಿ ಮುಚ್ಚಿಸಬೇಡಿ. ಸಂಬಂಧ ಇದೆ.

ಆದರೆ ಅವನು ಮಾಡಿದ ತೀರ್ಮಾನ ನನಗೆ ಒಪ್ಪಿಗೆಯಿಲ್ಲ. ಬೀಗರ ಮನೆಯಲ್ಲಿ ಅಜ್ಜಿಯನ್ನು ಒಳಕೋಣೆಗೆ ತಳ್ಳಿದ್ದು ಕಂಡರೆ ನೀವೇನು ಮಾಡುತ್ತೀರಿ? ಸುಮ್ನೆ ಎದ್ದು ಹೋದರೆ ಊಟ ಸೇರಲಿಲ್ಲ ಅಂದುಕೊಳ್ಳುತ್ತಾರೆ. 'ಅಜ್ಜಿ ಎಲ್ರೀ? ಇಲ್ಲೇ ಕರೀರಿ, ನಮ್ಮ ಜೊತೆ ಊಟಕ್ಕ ಕೂಡ್ಲಿ' ಅಂದರೆ ಅಜ್ಜಿ ಹೊರಗೆ ಬರುತ್ತಾರೆ. ಸಿಂಧನೂರಿನ ಒಂದು ಮನೆಯಲ್ಲಿ ಟಿವಿ ಬಂದ್ ಆಗಿದ್ದು ಫಿಫಾಗೆ ಗೊತ್ತಾಗುವುದಿಲ್ಲ. ನೋಡುವವರೇ 'ನಮ್ಮ ಹೆಸರಲ್ಲಿ ಇದು ಬೇಡ' ಅಂದಾಗ ಕೇಳಿಸುತ್ತದೆ.

ಕೇಳಿಸಿದ್ದಕ್ಕೆ ಒಂದು ಕಥೆ ಇದೆ, ಮಗನಿಗೆ ಹೇಳಿ. ಕುರ್ಟ್ ಝೂಮಾ ಅಂತ ಆಟಗಾರ. ಫ್ರಾನ್ಸ್ ದೇಶದ ತಂಡದಲ್ಲೂ ಆಡಿದವನು. 2022ರ ಫೆಬ್ರವರಿಯಲ್ಲಿ ತನ್ನದೇ ಮನೆಯ ಬೆಕ್ಕಿಗೆ ಒದ್ದ, ಹೊಡೆದ ವಿಡಿಯೊ ಹೊರಗೆ ಬಂತು. ಆಗ ಅವನು ಲಂಡನ್ನಿನ ವೆಸ್ಟ್ ಹ್ಯಾಮ್ ಕ್ಲಬ್ಬಿನಲ್ಲಿದ್ದ. ಮಾರನೇ ದಿನವೇ ಮ್ಯಾಚ್ ಇತ್ತು, ಕ್ಲಬ್ಬಿನವರು ಅವನನ್ನು ಆಡಿಸಿಯೂ ಬಿಟ್ಟರು. ಚೆಂಡು ಅವನ ಕಾಲಿಗೆ ಬಂದಾಗೆಲ್ಲ ಸ್ಟೇಡಿಯಂ 'ಬೂ' ಅಂತ ಕೂಗಿತು. ಎದುರು ತಂಡದವರಷ್ಟೇ ಅಲ್ಲ, ಅವನದೇ ತಂಡದ ಅಭಿಮಾನಿಗಳೂ ಕೂಗಿದರು. ಕ್ಲಬ್ ಅವನಿಗೆ ಎರಡೂವರೆ ಲಕ್ಷ ಪೌಂಡ್ ದಂಡ ಹಾಕಿತು. ಅಡಿಡಾಸ್ ಕಂಪನಿ ಅವನನ್ನು ಕೈಬಿಟ್ಟಿತು. ಬೆಕ್ಕುಗಳನ್ನು ಪ್ರಾಣಿದಯಾ ಸಂಸ್ಥೆ ತೆಗೆದುಕೊಂಡು ಹೋಯಿತು. ಜೂನ್‌ನಲ್ಲಿ ಕೋರ್ಟು 180 ಗಂಟೆ ಸಮಾಜ ಸೇವೆ ಮಾಡು, ಐದು ವರ್ಷ ಬೆಕ್ಕು ಸಾಕಬೇಡ ಎಂದಿತು. ಆ ಜನ ಮ್ಯಾಚ್ ಬಿಟ್ಟು ಮನೆಯಲ್ಲಿ ಕೂತಿದ್ದರೆ ಆ ಸದ್ದು ಯಾರಿಗೆ ಕೇಳುತ್ತಿತ್ತು?

ಬೂಟಿನ ಕಥೆಯೂ ಇಂಥದ್ದೇ. ಒಳ್ಳೊಳ್ಳೆಯ ಫುಟ್‌ಬಾಲ್ ಬೂಟುಗಳಿಗೆ ಕಾಂಗರೂ ಚರ್ಮ ಬಳಸುತ್ತಿದ್ದರು. ತೆಳ್ಳಗೆ, ಮೆತ್ತಗೆ, ಗಟ್ಟಿ ಚರ್ಮ. ಅದಕ್ಕಾಗಿ ಆಸ್ಟ್ರೇಲಿಯಾದಲ್ಲಿ ರಾತ್ರಿ ಹೊತ್ತು ಕಾಂಗರೂಗಳಿಗೆ ಗುಂಡು ಹೊಡೆಯುತ್ತಾರೆ. ವರ್ಷಗಟ್ಟಲೆ ಜನ ಬೆನ್ನು ಹತ್ತಿದರು. 2023ರ ಮಾರ್ಚ್‌ನಲ್ಲಿ ನೈಕಿ, ಪ್ಯೂಮಾ ಎರಡೂ ಕಾಂಗರೂ ಚರ್ಮ ಬಿಡುತ್ತೇವೆ ಅಂದವು, 2025ರಲ್ಲಿ ಅಡಿಡಾಸ್ ಕೂಡ ಅಂದಿತು. ಚೆಂಡಿನ ಚಿಂತೆ ನಿಮಗೆ ಬೇಡ. 1986ರ ವಿಶ್ವಕಪ್ಪಿನಿಂದ ಆ ಚೆಂಡಿಗೆ ದನದ ಚರ್ಮ ಇಲ್ಲ, ಪೂರಾ ಸಿಂಥೆಟಿಕ್.

ಮನುಷ್ಯರ ಕಷ್ಟ ಬಿಟ್ಟು ನಾಯಿಯದ್ದೇ ಯಾಕೆ ಅಂತ ಯಾರಾದರೂ ಕೇಳಿದರೆ, ಎರಡನ್ನೂ ಕೇಳೋಣ ಅನ್ನಿ. 2022ರ ವಿಶ್ವಕಪ್‌ಗಾಗಿ ಕತಾರಿನ ಸ್ಟೇಡಿಯಂ ಕಟ್ಟಿದವರಲ್ಲಿ ನಮ್ಮ ದೇಶದ ಕೂಲಿಗಳೂ ಇದ್ದರು. ಆ ಪ್ರಶ್ನೆಯನ್ನೂ ಕೇಳಿದವರು ಫುಟ್‌ಬಾಲ್ ಪ್ರೀತಿಸುವವರೇ. ಕರುಣೆ ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರಿಗೆ ಕಡಿಮೆ ಬೀಳುವ ಪಡಿತರದ ಅಕ್ಕಿ ಅಲ್ಲ.

ಇಲ್ಲಿಯವರೆಗೆ ದೂರದ ಮಾತಾಯಿತು. ತಂಗಿ ಕೇಳಿದ್ದು ಹತ್ತಿರದ ಮಾತು. ಮೊದಲು ನಮ್ಮ ಆಟ ನೋಡೋಣ.

ಕಾರ ಹುಣ್ಣಿಮೆಗೆ ರಾಯಚೂರಿನಲ್ಲಿ ಮುಂಗಾರು ಹಬ್ಬ ನಡೆಯುತ್ತದಲ್ಲ, ಎತ್ತುಗಳು ಭಾರದ ಕಲ್ಲು ಎಳೆಯುವ ಸ್ಪರ್ಧೆ. ಒಂದೂವರೆ ಟನ್, ಎರಡು ಟನ್ ಕಲ್ಲು. ಆಂಧ್ರ, ತೆಲಂಗಾಣದಿಂದಲೂ ಜೋಡಿಗಳು ಬರುತ್ತವೆ. ನನಗೆ ಆ ಹಬ್ಬ ತುಂಬಾ ಇಷ್ಟ. ಒಳ್ಳೆಯ ಜೋಡಿಯೊಂದು ನೊಗಕ್ಕೆ ಹೆಗಲು ಕೊಟ್ಟು ಒಮ್ಮೆಲೇ ಮುಂಗಾಲು ಊರಿದಾಗ ನೆಲ ಅಲುಗಿದಂತಾಗುತ್ತದೆ. ಮಕ್ಕಳಂತೆ ಸಾಕಿರುತ್ತಾರೆ. ಕಡಲೆ, ಹುರುಳಿ ನೆನೆಸಿ ತಿನ್ನಿಸಿ, ದಿನಾ ಮೈ ತಿಕ್ಕಿ, ತಮ್ಮ ಹೊಟ್ಟೆ ಕಟ್ಟಿ ಎತ್ತಿಗೆ ಹಾಕುವವರನ್ನು ನೋಡಿದ್ದೇನೆ. ಅದನ್ನು ಕ್ರೌರ್ಯ ಅಂತ ಒಂದೇ ಮಾತಲ್ಲಿ ತಳ್ಳಿಹಾಕುವ ಪೇಟೆಯವರ ಜೊತೆ ನಾನು ಜಗಳವಾಡಿದ್ದೇನೆ.

ಆದರೆ ನಾನು ಎತ್ತಿನ ಬೆನ್ನ ಹಿಂದೆಯೂ ನೋಡಿದ್ದೇನೆ. ಇಂಥದ್ದೇ ಒಂದು ಸ್ಪರ್ಧೆಯಲ್ಲಿ ಎತ್ತುಗಳನ್ನು ಪರೀಕ್ಷೆ ಮಾಡುವ ಕೆಲಸ ನನಗೆ ಬಿತ್ತು. ಒಂದು ಬಿಳಿ ಎತ್ತು. ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ, ನೋಡಲು ಮದುಮಗ. ಬಾಲದ ಬುಡ ಮುಟ್ಟಿದೆ, ಒದೆಯಲು ಬಂತು. ಬಾಲ ತಿರುಚಿ ತಿರುಚಿ ಒಳಗಿನ ಎಲುಬಿನ ಗಂಟು ಸರಿದಿತ್ತು. ತೊಡೆಯ ಹಿಂದೆ ಕೂದಲು ಸರಿಸಿದರೆ ಸಾಲಾಗಿ ಸಣ್ಣ ಸಣ್ಣ ಚುಕ್ಕಿ, ಅಕ್ಕಿ ಕಾಳಿನಷ್ಟು. ಬಾರಕೋಲಿನ ತುದಿಗೆ ಹೊಡೆದ ಮೊಳೆಯ ಗುರುತು. ಕೆಲವು ಮಾಗಿದ್ದವು, ಕೆಲವು ಅವತ್ತಿನವು. ಎತ್ತಿನ ಯಜಮಾನ ಕೆಟ್ಟವನಲ್ಲ. ಹಿಂದಿನ ವರ್ಷ ನಾಲ್ಕು ಗೇಣು ಕಡಿಮೆ ಬಿದ್ದು ಸೋತಿದ್ದ. ಜನ ನಕ್ಕಿದ್ದರು.

ಜನ ನಕ್ಕಿದ್ದರು ಅನ್ನುವಲ್ಲಿ ನಾನು ನಿಲ್ಲುತ್ತೇನೆ. ಅಲ್ಲೂ ನೋಡುವವರ ಕಣ್ಣೇ. ಆ ವರ್ಷ ನಾನು ಸಂಘಟಕರ ಕೈಕಾಲು ಹಿಡಿದು ಮೈಕಿನಲ್ಲಿ ಹೇಳಿಸಿದೆ: ಮೊಳೆ ಇರುವ ಕೋಲು ಕಂಡರೆ ಜೋಡಿ ಹೊರಗೆ. ಮೊದಲ ಎರಡು ಜೋಡಿಗೆ ಜನ ಗೊಣಗಿದರು. ಮೂರನೆಯದಕ್ಕೆ ಅಂಕಣದ ಅಂಚಿನಲ್ಲಿ ಕೂತ ಒಬ್ಬ ಹಿರಿಯರು 'ಕೋಲು ತೋರ್ಸೋ' ಅಂತ ಕೂಗಿದರು. ಆಮೇಲೆ ಪ್ರತಿ ಜೋಡಿ ಬಂದಾಗಲೂ ಇಡೀ ಜನ 'ಕೋಲು ತೋರ್ಸೋ' ಅನ್ನತೊಡಗಿತು. ಓಡಿಸುವವರೂ ಕೋಲು ಮೇಲೆತ್ತಿ ತೋರಿಸಿ ಕಲ್ಲಿಗೆ ಹೋದರು. ಕಲ್ಲು ಅವತ್ತೂ ಚೆನ್ನಾಗಿಯೇ ಹೋಯಿತು.

ಕಾನೂನು ಏನು ಹೇಳುತ್ತದೆ ಅಂತಲೂ ತಿಳಿದಿರಲಿ. 2014ರಲ್ಲಿ ಸುಪ್ರೀಂ ಕೋರ್ಟ್ ಜಲ್ಲಿಕಟ್ಟು, ಎತ್ತಿನ ಓಟ ಎಲ್ಲ ನಿಲ್ಲಿಸಿತು. ಕರ್ನಾಟಕ 2017ರಲ್ಲಿ ತಿದ್ದುಪಡಿ ತಂದು ಕಂಬಳ, ಎತ್ತಿನ ಗಾಡಿ ಓಟಕ್ಕೆ ದಾರಿ ಮಾಡಿತು. 2023ರ ಮೇ 18ರಂದು ಕೋರ್ಟ್ ಆ ತಿದ್ದುಪಡಿ ಸರಿ ಎಂದಿತು. ಓಟಕ್ಕೆ ಒಪ್ಪಿಗೆ ಸಿಕ್ಕಿದೆ, ಮೊಳೆಗೆ ಸಿಕ್ಕಿಲ್ಲ. ಇನ್ನು ಪ್ರಾಣಿಹಿಂಸೆ ತಡೆಯುವ ಮುಖ್ಯ ಕಾನೂನು 1960ರದ್ದು. ಹೊಡೆದರೆ, ಒದ್ದರೆ, ಹಿಂಸೆಯಾಗುವಂತೆ ಸಾಗಿಸಿದರೆ ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ ಆ ಕಾನೂನಿನಲ್ಲಿ ಬರೆದಿರುವ ದಂಡ ಎಷ್ಟು ಗೊತ್ತಾ? 10ರಿಂದ 50 ರೂಪಾಯಿ. ಬೆಕ್ಕಿಗೆ ಒದ್ದವನಿಗೆ ಅಲ್ಲಿ ಏನಾಯಿತು ಅಂತ ಓದಿದಿರಲ್ಲ. ನನಗೆ ಈ 50 ರೂಪಾಯಿ ನೆನಪಾದಾಗೆಲ್ಲ ಸಂಕಟ ಆಗುತ್ತದೆ.

ಈಗ ಮಟನ್. ನಾನು ತಿನ್ನುವುದಿಲ್ಲ. ಆದರೆ ತಿನ್ನುವವರಿಗೆ ನಾಯಿ ಬಗ್ಗೆ ಮಾತಾಡುವ ಹಕ್ಕಿಲ್ಲ ಅನ್ನುವುದನ್ನು ಒಪ್ಪುವುದಿಲ್ಲ. ನಿಮ್ಮ ಸಿಂಧನೂರು, ಲಿಂಗಸುಗೂರು ಕಡೆ ಕೆಂಗುರಿ ಸಾಕುವವರನ್ನು ನೋಡಿ. ಕೊನೆಗೆ ಸಂತೆಗೆ ಹೊಡೆಯುವ ಕುರಿ ಅದು. ಆದರೂ ಮರಿಗೆ ಕಾಲು ನೋವಾದರೆ ಹೆಗಲ ಮೇಲೆ ಹಾಕಿಕೊಂಡು ಎಂಟು ಕಿಲೋಮೀಟರ್ ನಡೆದು ಬಂದವರಿಗೆ ನಾನು ಔಷಧ ಕೊಟ್ಟಿದ್ದೇನೆ. ಮೇಲೆ ಹೇಳಿದ ನಾಯಿಯನ್ನು ಹೊತ್ತು ತಂದವನೂ ಕುರಿಗಾರನೇ. ಪ್ರಾಣಿಯನ್ನು ಸಾಕಿ ತಿನ್ನುವುದು ತಪ್ಪೋ ಸರಿಯೋ ಅನ್ನುವುದು ಒಂದು ಪ್ರಶ್ನೆ. ಬದುಕಿರುವಷ್ಟು ದಿನ ಅದಕ್ಕೆ ನೋವು, ಹಸಿವು, ಹೆದರಿಕೆ ಇಲ್ಲದಂತೆ ನೋಡಿಕೊಳ್ಳುತ್ತೇವಾ ಅನ್ನುವುದು ಇನ್ನೊಂದು. ಮೊದಲನೆಯದು ಇತ್ಯರ್ಥ ಆಗಲಿ ಅಂತ ಎರಡನೆಯದು ಕಾಯಬೇಕಾಗಿಲ್ಲ.

1965ರಲ್ಲಿ ಬ್ರಿಟನ್ನಿನ ಬ್ರ್ಯಾಂಬೆಲ್ ಸಮಿತಿ ಬಹಳ ಸರಳ ಮಾತು ಬರೆಯಿತು. ಸಾಕಿದ ಪ್ರಾಣಿಗೆ ಎದ್ದು ನಿಲ್ಲಲು, ಮಲಗಲು, ತಿರುಗಲು, ಮೈ ನೆಕ್ಕಿಕೊಳ್ಳಲು, ಕೈಕಾಲು ಚಾಚಲು ಜಾಗ ಇರಬೇಕು. ಇಷ್ಟೇ. ಈ ಅಳತೆಕೋಲು ಹಿಡಿದು ರವಿವಾರ ಬೆಳಿಗ್ಗೆ ಕೋಳಿ ಅಂಗಡಿಗೆ ಹೋಗಿ. ಕಾಲು ಕಟ್ಟಿ ತಲೆಕೆಳಗಾಗಿ ಬೈಕಿಗೆ ನೇತುಹಾಕಿದ ಕೋಳಿಗಳು ಕಾಣುತ್ತವೆ. ಕೋಳಿಗೆ ನಮ್ಮ ಹಾಗೆ ಎದೆ-ಹೊಟ್ಟೆ ನಡುವೆ ಅಡ್ಡಪರದೆ ಇಲ್ಲ. ತಲೆಕೆಳಗಾದರೆ ಹೊಟ್ಟೆಯ ಭಾರವೆಲ್ಲ ಉಸಿರಾಟದ ಚೀಲಗಳ ಮೇಲೆ ಕೂರುತ್ತದೆ. ಬಾಯಿ ತೆರೆದು ಏದುಸಿರು ಬಿಡುವುದು ಅದಕ್ಕೇ. 'ಬುಟ್ಟ್ಯಾಗ ತರ್ರಿ, ಇಲ್ಲಾಂದ್ರ ನಾ ಬ್ಯಾರೆ ಕಡೆ ತಗೋತೀನಿ' ಅಂತ ನಾಲ್ಕು ಗಿರಾಕಿಗಳು ಹೇಳಿದರೆ ಅಂಗಡಿಯವರು ಬುಟ್ಟಿಯಲ್ಲಿ ತರುತ್ತಾರೆ. ಅಲ್ಲೂ ಗಿರಾಕಿಗಳೇ ಬೀಗರು.

ಇನ್ನು ಓಣಿ ನಾಯಿ. ಇಲ್ಲಿ ನಾನು ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ನಿಮ್ಮ ಕೈಗೆ ನಿಲುಕುವುದು ಇದೇ.

ನಾಯಿಗೆ ಹೆದರುವವರನ್ನು ನಾನು ಬೈಯುವುದಿಲ್ಲ. ಕಚ್ಚಿಸಿಕೊಂಡ ಮಕ್ಕಳನ್ನು ನೋಡಿದ್ದೇನೆ. ರೇಬಿಸ್ ಲಕ್ಷಣ ಒಮ್ಮೆ ಶುರುವಾದರೆ ಉಳಿಸಲು ಔಷಧವೇ ಇಲ್ಲ. ಯಾರಿಗೇ ಕಚ್ಚಲಿ, ಗಾಯವನ್ನು ಕೂಡಲೇ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರದಪುಡಿ ಯಾವುದೂ ಬೇಡ. ಸೀದಾ ಸರ್ಕಾರಿ ದವಾಖಾನೆಗೆ ಹೋಗಿ, ಡಾಕ್ಟರು ಹೇಳಿದ ಎಲ್ಲ ಇಂಜೆಕ್ಷನ್ನೂ ಮುಗಿಸಿ. ಇದರಲ್ಲಿ ರಾಜಿಯೇ ಇಲ್ಲ.

ಆದರೆ ನಾಯಿ ಕೊಲ್ಲುವುದರಿಂದ, ಬೇರೆ ಕಡೆ ಬಿಟ್ಟು ಬರುವುದರಿಂದ ಈ ಭಯ ಕಡಿಮೆ ಆಗುವುದಿಲ್ಲ. ನಾಯಿ ಇರುವುದು ಅನ್ನ ಇರುವಲ್ಲಿ. ಕೋಳಿ ಅಂಗಡಿಯ ಕಸ, ಖಾನಾವಳಿಯ ಎಂಜಲು ಹಾಗೇ ಬೀಳುತ್ತಿದ್ದರೆ, ಇವತ್ತು ಖಾಲಿಯಾದ ಜಾಗಕ್ಕೆ ಮುಂದಿನ ತಿಂಗಳು ಬೇರೆ ನಾಯಿ ಬಂದು ಕೂರುತ್ತದೆ. ಹೆಣ್ಣು ನಾಯಿಯ ಗರ್ಭ 63 ದಿನದ್ದು. ವರ್ಷಕ್ಕೆ ಎರಡು ಸೂಲೂ ಆಗಬಹುದು. ಟ್ರ್ಯಾಕ್ಟರಿಗಿಂತ ಅದು ಬೇಗ. ಇನ್ನೊಂದು ಮುಖ್ಯ ಮಾತು: ಊರಿನ ನೂರು ನಾಯಿಗಳಲ್ಲಿ ಎಪ್ಪತ್ತಕ್ಕೆ ಲಸಿಕೆ ಬಿದ್ದಿದ್ದರೆ ರೇಬಿಸ್ ಹರಡುವುದು ನಿಲ್ಲುತ್ತದೆ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಲಸಿಕೆ ಬಿದ್ದ, ಆಪರೇಷನ್ ಆದ ನಾಯಿ ನಿಮ್ಮ ಓಣಿಯ ಕಾವಲುಗಾರ. ಅದನ್ನು ಓಡಿಸಿದರೆ ಲಸಿಕೆ ಇಲ್ಲದ್ದು ಬರುತ್ತದೆ.

ಆಗುತ್ತದಾ ಅಂತ ಕೇಳಿದರೆ, ಆಗಿದೆ. ಫುಟ್‌ಬಾಲ್ ಅಂದರೆ ಜೀವ ಬಿಡುವ ಗೋವಾವನ್ನೇ ನೋಡಿ. ಓಣಿ ಓಣಿ ತಿರುಗಿ ನಾಯಿಗಳಿಗೆ ಲಸಿಕೆ ಹಾಕಿ, ಮೂರು ವರ್ಷ ರೇಬಿಸ್‌ನಿಂದ ಒಬ್ಬ ಮನುಷ್ಯನೂ ಸಾಯದಂತೆ ಮಾಡಿ, 2021ರಲ್ಲಿ ಅದು ರೇಬಿಸ್ ನಿಯಂತ್ರಿತ ರಾಜ್ಯ ಅನ್ನಿಸಿಕೊಂಡಿತು. ಭೂತಾನ್ 14 ವರ್ಷ ಬಿಡದೆ ದುಡಿದು, 2023ರಲ್ಲಿ ತನ್ನ ಬೀದಿ ನಾಯಿಗಳಿಗೆಲ್ಲ ಆಪರೇಷನ್ ಮುಗಿಸಿದ್ದೇನೆ ಎಂದಿತು. ಯಾರಿಗೂ ತಂತಿ ಬೇಕಾಗಲಿಲ್ಲ.

ನಮ್ಮ ಕಾನೂನೂ ಇದನ್ನೇ ಹೇಳುತ್ತದೆ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ನಾಯಿ ಹಿಡಿದು ಆಪರೇಷನ್, ಲಸಿಕೆ ಮಾಡಿಸಿ ಹಿಡಿದ ಜಾಗಕ್ಕೇ ಬಿಡಬೇಕು. ಆ ಕೆಲಸ ಸ್ಥಳೀಯ ಸಂಸ್ಥೆಯದು. 2025ರ ಆಗಸ್ಟ್ 22ರ ಆದೇಶದಲ್ಲಿ ಸುಪ್ರೀಂ ಕೋರ್ಟ್ ಕೂಡ, ರೇಬಿಸ್ ಇರುವ ಮತ್ತು ಮೇಲೆ ಬೀಳುವ ನಾಯಿಗಳನ್ನು ಬಿಟ್ಟು ಉಳಿದವನ್ನು ಹಾಗೇ ಮಾಡಿ ಎಂದಿತು. ಅದೇ ವರ್ಷ ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್‌ಸ್ಟ್ಯಾಂಡ್, ರೈಲ್ವೆ ನಿಲ್ದಾಣ, ಕ್ರೀಡಾಂಗಣಗಳ ಒಳಗಿನ ನಾಯಿಗಳನ್ನು ತೆಗೆದು ಆಶ್ರಯ ತಾಣಗಳಿಗೆ ಒಯ್ಯಲು ಹೇಳಿತು. ಆ ಆಶ್ರಯ ತಾಣ ನಮ್ಮ ಊರುಗಳಲ್ಲಿ ಎಲ್ಲಿದೆ, ಅಲ್ಲಿ ನೀರಿದೆಯಾ, ಡಾಕ್ಟರಿದ್ದಾರಾ ಅಂತ ಕೇಳಬೇಕಾದವರು ನಾವು.

ಹಾಗಾಗಿ ಒಂದು ಸಂಜೆ ಮಗನನ್ನು ಕರೆದುಕೊಂಡು ನಿಮ್ಮ ಓಣಿಯಲ್ಲಿ ಒಂದು ಸುತ್ತು ಹಾಕಿ. ಕಲ್ಲು ಬೇಡ, ಒಂದು ನೋಟ್‌ಬುಕ್ ಸಾಕು. ಎಷ್ಟು ನಾಯಿ, ಎಷ್ಟು ಹೆಣ್ಣು, ಎಷ್ಟಕ್ಕೆ ಕಿವಿಯ ತುದಿ ಕತ್ತರಿಸಿದೆ ಅಂತ ಬರೆದುಕೊಳ್ಳಲಿ. ಕಿವಿ ತುದಿ ಕತ್ತರಿಸಿದ್ದರೆ ಆಪರೇಷನ್ ಆಗಿದೆ ಅಂತ ಗುರುತು. ಅರಿವಳಿಕೆಯಲ್ಲಿದ್ದಾಗಲೇ ಮಾಡುವುದರಿಂದ ಅದಕ್ಕೆ ಆಗ ನೋವಾಗುವುದಿಲ್ಲ. ಆಮೇಲೆ ನಗರಸಭೆಗೆ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ. ಫೀ 10 ರೂಪಾಯಿ. ಒಂದೇ ವಿಷಯ ಇರಲಿ, 150 ಪದ ದಾಟದಿರಲಿ. ಕಳೆದ ವರ್ಷ ಎಷ್ಟು ನಾಯಿಗಳಿಗೆ ಆಪರೇಷನ್ ಆಯಿತು, ಎಷ್ಟಕ್ಕೆ ಲಸಿಕೆ ಬಿತ್ತು, ದೊಡ್ಡ ಕಾರ್ಯಕ್ರಮ ಇದ್ದಾಗ ನಾಯಿಗಳನ್ನು ಎಲ್ಲಿಗೆ ಸಾಗಿಸುತ್ತೀರಿ, ಇಷ್ಟೇ ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು.

ಅದೇ ದಿನ ಮಗ ಇನ್ನೊಂದು ಪತ್ರವನ್ನೂ ಬರೆಯಲಿ, ಫಿಫಾಗೆ. ಇಂಗ್ಲಿಷ್ ಶಿಕ್ಷಕರು ತಿದ್ದಿಕೊಡುತ್ತಾರೆ. ನಾನು ಸಿಂಧನೂರಿನವನು, ಮೊರಾಕ್ಕೊ ತಂಡದ ಅಭಿಮಾನಿ, 2030ರ ಮ್ಯಾಚುಗಳನ್ನು ನೋಡುತ್ತೇನೆ, ನನಗೋಸ್ಕರ ಯಾವ ನಾಯಿಯನ್ನೂ ತೆಗೆಯಬೇಡಿ ಅಂತ ಬರೆಯಲಿ. ಅಷ್ಟೊತ್ತಿಗೆ ಅವನು ಕಾಲೇಜಿನಲ್ಲಿರುತ್ತಾನೆ, ಅವರು ಏನು ಮಾಡಿದರು ಅಂತ ಕಣ್ಣಾರೆ ನೋಡಬಹುದು. ಅದಕ್ಕಾದರೂ ಟಿವಿ ಮುಂದೆ ಕೂರಬೇಕಲ್ವಾ?

ಅವನಿಗೆ ಇದನ್ನೂ ಹೇಳಿ, ಖುಷಿಪಡುತ್ತಾನೆ. 1966ರ ಮಾರ್ಚ್‌ನಲ್ಲಿ ವಿಶ್ವಕಪ್ಪನ್ನೇ ಇಂಗ್ಲೆಂಡಿನಲ್ಲಿ ಕದ್ದಿದ್ದರು. ಪೊಲೀಸರೆಲ್ಲ ಹುಡುಕಿ ಸೋತರು. ಕೊನೆಗೆ ದಕ್ಷಿಣ ಲಂಡನ್ನಿನ ಒಂದು ಮನೆಯ ಬೇಲಿ ಗಿಡದ ಬುಡದಲ್ಲಿ, ಪೇಪರಿನಲ್ಲಿ ಸುತ್ತಿಟ್ಟಿದ್ದ ಆ ಕಪ್ಪನ್ನು ಮೂಸಿ ಹುಡುಕಿದ್ದು ಪಿಕಲ್ಸ್ ಅನ್ನುವ ನಾಯಿ.

ನಾನು ಹೇಳಿದ ಕೆಂಚು ನಾಯಿ ಆಮೇಲೆ ಒಂಬತ್ತು ವರ್ಷ ನಮ್ಮ ದವಾಖಾನೆಯ ಅಂಗಳದಲ್ಲೇ ಇತ್ತು. ಕುತ್ತಿಗೆ ಸುತ್ತ ಕೂದಲು ಮತ್ತೆ ಬರಲೇ ಇಲ್ಲ. ಉಳಿದ ಆ ಒಂದು ಮರಿಯನ್ನು ಕುರಿಗಾರನೇ ಬಂದು ಕೇಳಿ ಒಯ್ದ, ಹಟ್ಟಿ ಕಾಯಲು. ನಗರಸಭೆಯಿಂದ ಉತ್ತರ ಬಂದರೆ ಅದರ ಒಂದು ಪ್ರತಿ ನನಗೂ ಕಳಿಸಿ. ಅಂಕಿ ಅರ್ಥವಾಗದಿದ್ದರೆ ಇಬ್ಬರೂ ಕೂತು ನೋಡೋಣ.